ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಉಡುಪಿಯಲ್ಲಿ ಉಳಿದ ಒಂದು ವ್ಯಾಪಾರಿ ಮನೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ನೂರು ವರ್ಷ ದಾಟಿದ ಮನೆಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಆಸ್ತಿ ಪಾಲಾದ ಮೇಲೆ ಮನೆ ನೋಡಿಕೊಳ್ಳುವವರು ಇರುವುದಿಲ್ಲ. ಮಕ್ಕಳು ಬೆಂಗಳೂರು, ಮುಂಬೈ ಸೇರಿರುತ್ತಾರೆ. ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಕೆಲಸದವರು ಸಿಗುವುದಿಲ್ಲ. ಕೊನೆಗೆ ಹಳೆ ಮರದ ವ್ಯಾಪಾರಿ ಬಂದು ಕಂಬ, ತೊಲೆ, ಮುಚ್ಚಿಗೆ, ಬಾಗಿಲುಗಳಿಗೆ ಬೆಲೆ ಕಟ್ಟಿ ಲಾರಿಗೆ ತುಂಬಿಸಿಕೊಂಡು ಹೋಗುತ್ತಾನೆ. ಬೀಡು, ಗುತ್ತುಗಳಾದರೆ ದೈವದ ಚಾವಡಿ ಇದೆ, ಹತ್ತಿರ ಬಸದಿ ಇದೆ ಎಂಬ ಕಾರಣಕ್ಕಾದರೂ ಕುಟುಂಬದವರು ವರ್ಷಕ್ಕೊಮ್ಮೆ ಸೇರುತ್ತಾರೆ. ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆಗೆ ಆ ರಕ್ಷಣೆಯೂ ಇಲ್ಲ. ಅಂಥ ಮನೆಯಲ್ಲಿ ಉಳಿಸುವಂಥದ್ದು ಏನಿದೆ ಎಂದು ಕೇಳುವವರೇ ಹೆಚ್ಚು.

ಆ ಪ್ರಶ್ನೆಗೆ ಕರಾವಳಿಯಲ್ಲೇ ಒಂದು ಉತ್ತರವಿದೆ. ಉಡುಪಿಯಲ್ಲಿ ವ್ಯಾಪಾರಿಯೊಬ್ಬರ ಮನೆ ಇಂದಿಗೂ ನಿಂತಿದೆ, ಅದರ ಬಾಗಿಲು ಸಾರ್ವಜನಿಕರಿಗೆ ತೆರೆದಿದೆ. ಮನೆಯ ಯಜಮಾನರು ತೀರಿಕೊಂಡು ಒಂಬತ್ತು ದಶಕ ಕಳೆದಿದೆ. ಅವರ ಸಂಪತ್ತು ಅವರ ಕಾಲದಲ್ಲೇ ಕರಗಿತ್ತು. ಅವರು ಸ್ಥಾಪಿಸಿದ ಸಂಸ್ಥೆಯ ಹೆಸರೂ ಈಗ ಇಲ್ಲ. ಆದರೂ ಮನೆ ಉಳಿದಿದೆ. ಅದು ಹೇಗೆ ಉಳಿಯಿತು, ಏಕೆ ಉಳಿಯಬೇಕಾಗಿತ್ತು ಎಂಬುದನ್ನು ತಿಳಿಯಲು ಆ ಯಜಮಾನರ ಜೀವನವನ್ನು ನೋಡಬೇಕು. ಅವರು ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಊರವರ ಬಾಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು.

ಅಬ್ದುಲ್ಲಾ ಸಾಹೇಬರು ಹುಟ್ಟಿದ್ದು 1882ರಲ್ಲಿ, ಉಡುಪಿಯ ಅನುಕೂಲಸ್ಥ ವ್ಯಾಪಾರಿ ಮನೆತನದಲ್ಲಿ. ಆಗ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅದೊಂದು ತಾಲೂಕು. ಪುತ್ತೂರು, ಸುಳ್ಯ, ಕಡಬ ಕಡೆಯ ಊರುಗಳು ಅದೇ ಜಿಲ್ಲೆಯ ಉಪ್ಪಿನಂಗಡಿ ತಾಲೂಕಿಗೆ ಸೇರಿದ್ದವು. ಆ ತಾಲೂಕಿನ ಕಚೇರಿ ಇದ್ದದ್ದು ಪುತ್ತೂರಿನಲ್ಲಿ. ಹೀಗಾಗಿ ಘಟ್ಟದ ಬುಡದ ಅಡಿಕೆ ಬೆಳೆಗಾರನಿಗೂ ಕಡಲ ಬದಿಯ ವ್ಯಾಪಾರಿಗೂ ಒಂದೇ ಜಿಲ್ಲಾ ಆಡಳಿತ, ಒಂದೇ ಬಗೆಯ ಭೂಕಂದಾಯ, ಒಂದೇ ಬಗೆಯ ಗೇಣಿ ಪದ್ಧತಿ, ಒಂದೇ ಬಗೆಯ ಸಾಲದ ಕಷ್ಟ.

ಆ ಕಷ್ಟ ಏನೆಂಬುದು ಹಳೆಯ ಖಾತೆ ಪುಸ್ತಕ ನೋಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಮನೆಯ ಅಕ್ಕಿ ಮುಗಿದಿರುತ್ತದೆ. ಮದುವೆ, ಕಾಯಿಲೆ, ಎತ್ತು ಖರೀದಿ ಯಾವುದೂ ಕಾಯುವುದಿಲ್ಲ. ಒಕ್ಕಲು ಊರಿನ ಧನಿಯ ಬಳಿಗೋ ಪೇಟೆಯ ಸಾಹುಕಾರನ ಬಳಿಗೋ ಹೋಗಿ ಸಾಲ ತರುತ್ತಾನೆ. ಕೊಯ್ಲಾದ ಮೇಲೆ, ಧಾರಣೆ ತೀರಾ ಇಳಿದಿರುವ ಹೊತ್ತಿನಲ್ಲಿ, ಮುಡಿ ಲೆಕ್ಕದಲ್ಲಿ ತೀರಿಸುತ್ತಾನೆ. ತೀರದೆ ಉಳಿದದ್ದು ಬಡ್ಡಿಗೆ ಬಡ್ಡಿ ಸೇರಿ ಬೆಳೆಯುತ್ತದೆ. ಜಾಗ ಅಡವಿಗೆ ಹೋಗುತ್ತದೆ. ಬ್ಯಾಂಕ್ ಎಂಬುದು ಇರಲಿಲ್ಲ ಎಂದಲ್ಲ. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸಿನ ಶಾಖೆ ಇತ್ತು. ಅದು ಕಾಫಿ, ಹಂಚು, ರಫ್ತು ವ್ಯಾಪಾರದ ದೊಡ್ಡ ಕಂಪನಿಗಳಿಗೆ ಹೊಂದಿಕೊಂಡದ್ದು. ಹೊಳೆಗಳಿಗೆ ಸೇತುವೆಯಿಲ್ಲದ ಆ ಕಾಲದಲ್ಲಿ ಉಡುಪಿಯ ಚಿಕ್ಕ ಅಂಗಡಿಯವನು ದೋಣಿ ದಾಟುತ್ತಾ ಮಂಗಳೂರಿಗೆ ಹೋಗಿ ಅಲ್ಲಿ ಸಾಲ ಕೇಳುವುದು ಆಗದ ಮಾತು.

1905ರಲ್ಲಿ ಬಂಗಾಳದ ವಿಭಜನೆಯಾಯಿತು. ಅದರ ವಿರುದ್ಧ ಎದ್ದ ಸ್ವದೇಶಿ ಚಳವಳಿಯ ಗಾಳಿ ಕರಾವಳಿಗೂ ಬೀಸಿತು. ಹೆಚ್ಚಿನ ಊರುಗಳಲ್ಲಿ ಸ್ವದೇಶಿ ಎಂದರೆ ಬಟ್ಟೆ, ಸಕ್ಕರೆಯ ಮಾತು. ಉಡುಪಿಯಲ್ಲಿ ಕೆಲವರು ಸೇರಿ ಅದನ್ನು ಹಣದ ವಿಷಯಕ್ಕೂ ಅನ್ವಯಿಸಿದರು. ಜನರ ದುಡ್ಡು ಜನರ ಕೈಯಲ್ಲೇ ತಿರುಗಬೇಕು, ಉಳಿತಾಯದ ಅಭ್ಯಾಸ ಜಾತಿ ಮತ ನೋಡದೆ ಎಲ್ಲರಿಗೂ ಬರಬೇಕು, ಒಬ್ಬರ ಉಳಿತಾಯ ಇನ್ನೊಬ್ಬರ ಕಷ್ಟಕ್ಕೆ ಒದಗಬೇಕು ಎಂಬುದು ಅವರ ಉದ್ದೇಶ. ಆ ಗುಂಪಿನ ಮುಂದಾಳು ಅಬ್ದುಲ್ಲಾ ಸಾಹೇಬರು. 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಆರಂಭವಾಯಿತು. ಸ್ಥಾಪಕ ಅಧ್ಯಕ್ಷರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸು.

ಮೂಲ ಬಂಡವಾಳ 5000 ರೂಪಾಯಿ. ಮೊದಲ ದಿನ ಕೈಗೆ ಬಂದದ್ದು 38 ರೂಪಾಯಿ 13 ಆಣೆ 2 ಪೈ. ಈ ಲೆಕ್ಕವನ್ನು ಬ್ಯಾಂಕಿನವರು ಮುಂದೆ ನೂರು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದರು. ವ್ಯಾಪಾರ ಗೊತ್ತಿದ್ದವರಿಗೆ ಇದರಲ್ಲಿ ಎರಡು ಸಂಗತಿ ಕಾಣುತ್ತದೆ. ಒಂದು, ಬಂದ ಹಣ ಎಷ್ಟು ಚಿಕ್ಕದು ಎಂಬುದು. ಇನ್ನೊಂದು, ಎರಡು ಪೈಯನ್ನೂ ಬಿಡದೆ ಬರೆದಿಟ್ಟರು ಎಂಬುದು. ಬಡವನ ಎರಡು ಪೈಗೂ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ನಂಬಿಕೆ ಹುಟ್ಟುವುದು ಇಂಥ ಕಡೆಯೇ.

ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ಆರ್ಬತ್ನಾಟ್ ಎಂಬ ದೊಡ್ಡ ಆಂಗ್ಲ ಹಣಕಾಸು ಸಂಸ್ಥೆ ಮುಳುಗಿತು. ಸಾವಿರಾರು ಜನರ ಉಳಿತಾಯ ಹೋಯಿತು. ಹೊಸದಾಗಿ ಹುಟ್ಟಿದ ಸಂಸ್ಥೆಯೊಂದಕ್ಕೆ ಅದಕ್ಕಿಂತ ಕೆಟ್ಟ ಕಾಲ ಇರಲಾರದು. ಹಣ ಇಡುವವನು ಆಗ ನೋಡುವುದು ಬೋರ್ಡನ್ನಲ್ಲ, ಹಿಂದೆ ನಿಂತ ಮನುಷ್ಯನನ್ನು. ಅಬ್ದುಲ್ಲಾ ಸಾಹೇಬರ ಮನೆ ಎಲ್ಲಿದೆ ಎಂಬುದು ಉಡುಪಿಯ ಎಲ್ಲರಿಗೂ ತಿಳಿದಿತ್ತು. ಆ ಮನೆಯ ಬಾಗಿಲೇ ಬ್ಯಾಂಕಿನ ಭರವಸೆಯಾಗಿತ್ತು ಎಂದರೆ ಅತಿಶಯವಲ್ಲ. ಕರಾವಳಿಯ ವ್ಯಾಪಾರಿ ಮನೆಗಳ ಮಹತ್ವ ಅರ್ಥವಾಗುವುದು ಇಲ್ಲಿಂದ. ಅಂದಿನ ಕಾಲದಲ್ಲಿ ಮನೆ, ಅಂಗಡಿ, ಕಚೇರಿ ಬೇರೆ ಬೇರೆ ಆಗಿರಲಿಲ್ಲ. ಜಗಲಿಯಲ್ಲಿ ಕುಳಿತು ಕಿರ್ದಿ ಬರೆಯುತ್ತಿದ್ದರು, ಒಳಕೋಣೆಯ ಪೆಟ್ಟಿಗೆಯಲ್ಲಿ ಪತ್ರ ಇಡುತ್ತಿದ್ದರು, ಅಂಗಳದಲ್ಲಿ ಮಾಲು ಇಳಿಯುತ್ತಿತ್ತು. ಜಗಳ ಬಂದರೆ ಪಂಚಾತಿಕೆ ನಡೆಯುತ್ತಿದ್ದುದೂ ಅದೇ ಜಗಲಿಯಲ್ಲಿ.

ಬ್ಯಾಂಕ್ ಅವಸರದಿಂದ ಬೆಳೆಯಲಿಲ್ಲ. ಹದಿನೇಳು ವರ್ಷ ಉಡುಪಿಯ ಒಂದೇ ಕಚೇರಿಯಲ್ಲಿ ನಡೆಯಿತು. 1923ರಲ್ಲಿ ಕುಂದಾಪುರದಲ್ಲಿ ಮೊದಲ ಶಾಖೆ, 1926ರಲ್ಲಿ ಮಂಗಳೂರಿನಲ್ಲಿ ಎರಡನೆಯದು. 1934ರಲ್ಲಿ ಘಟ್ಟ ಹತ್ತಿ ಮಡಿಕೇರಿಗೆ ಹೋಯಿತು. ಸಾಹೇಬರು 1929ರವರೆಗೆ, ಅಂದರೆ ಇಪ್ಪತ್ತಮೂರು ವರ್ಷ, ಅಧ್ಯಕ್ಷರಾಗಿದ್ದರು.

ಈ ನಡುವೆ ಪುತ್ತೂರಿನಲ್ಲೂ ಇದೇ ಆಲೋಚನೆ ಬೇರೆ ರೂಪದಲ್ಲಿ ಬೆಳೆದಿತ್ತು. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ರೈತರ ಸಹಕಾರ ಸಂಘಗಳನ್ನು ಕಟ್ಟುತ್ತಾ ಹೋದರು. ಜಿಲ್ಲೆಯ ಸಹಕಾರಿ ಕೇಂದ್ರ ಬ್ಯಾಂಕ್ 1914ರಲ್ಲಿ ಶುರುವಾದದ್ದು ಪುತ್ತೂರಿನಲ್ಲಿಯೇ. ಉಡುಪಿಯ ವ್ಯಾಪಾರಿ ಮತ್ತು ಪುತ್ತೂರಿನ ವಕೀಲರು ಹಿಡಿದ ದಾರಿ ಬೇರೆ, ತಲುಪಬೇಕೆಂದಿದ್ದ ಊರು ಒಂದೇ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಒಂದೇ ಜಿಲ್ಲೆಯಿಂದ ಐದು ದೊಡ್ಡ ಬ್ಯಾಂಕುಗಳು ದೇಶಕ್ಕೆ ಬಂದವು.

ಅಬ್ದುಲ್ಲಾ ಸಾಹೇಬರು ಬ್ಯಾಂಕಿನಿಂದ ಮಾತ್ರ ಹೆಸರಾದವರಲ್ಲ. ಜೈನ ಶ್ರಾವಕರಿಗೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಪರಿಚಿತ. ಸಾಹೇಬರ ಮತ ಬೇರೆ. ಆದರೂ ಅವರ ಜೀವನವನ್ನು ಈ ಕಣ್ಣಿನಿಂದ ನೋಡಿದರೆ ಬಹಳಷ್ಟು ಸ್ಪಷ್ಟವಾಗುತ್ತದೆ. ಅಕ್ಕಿಗೆ ತತ್ವಾರ ಬಂದ ಕಾಲದಲ್ಲಿ ಅವರು ರಂಗೂನಿನಿಂದ ಅಕ್ಕಿ ತರಿಸಿ ಬಡವರಿಗೆ ಹಂಚಿದರೆಂದು ಉಡುಪಿಯ ಹಿರಿಯರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಪೇಟೆಯ ನಡುವೆ ಇದ್ದ ತಮ್ಮ ಬೆಲೆಬಾಳುವ ಜಾಗವನ್ನು ಹೆಂಗಸರ ಮತ್ತು ಮಕ್ಕಳ ಸರ್ಕಾರಿ ಆಸ್ಪತ್ರೆಗೆ ಕೊಟ್ಟುಬಿಟ್ಟರು. ಬಾಣಂತಿಯರು ಮನೆಯ ಕತ್ತಲ ಕೋಣೆಯಲ್ಲಿ ಹೆತ್ತು, ಎಷ್ಟೋ ಮಂದಿ ಅಲ್ಲೇ ಪ್ರಾಣ ಬಿಡುತ್ತಿದ್ದ ಕಾಲವದು. ಆ ಜಾಗದಲ್ಲಿ ಇಂದಿಗೂ ಇರುವ ಆಸ್ಪತ್ರೆಯ ಹೆಸರಿನಲ್ಲಿ ಅವರ ಹೆಸರು ಸೇರಿದೆ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಎಲ್ಲ ಸಮಾಜದವರೂ ಇದ್ದಾರೆ. ಸಾಲಗಾರನಿಗೆ ಅಡವಿನ ಭಯ ತಪ್ಪಿಸಲು ಕಟ್ಟಿದ ಬ್ಯಾಂಕನ್ನು ಅಭಯದಾನವೆಂದು ಕರೆದರೆ ತಪ್ಪಾಗಲಾರದು.

ಶ್ರೀಕೃಷ್ಣ ಮಠದ ಲಕ್ಷದೀಪೋತ್ಸವಕ್ಕೆ ಬೇಕಾದ ಎಣ್ಣೆಯನ್ನು ಸಾಹೇಬರು ಕೊಡುತ್ತಿದ್ದರು ಎಂಬುದು ಉಡುಪಿಯಲ್ಲಿ ಮನೆಮಾತು. ಹಬ್ಬ ಯಾರದ್ದೇ ಆಗಲಿ, ಪೇಟೆಯಲ್ಲಿ ದೀಪ ಉರಿಯಬೇಕು ಎಂಬ ಭಾವನೆ ಹಳೆಯ ವ್ಯಾಪಾರಿಗಳದ್ದು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರು ಮಂಜುನಾಥ ಸ್ವಾಮಿಯ ಕ್ಷೇತ್ರವನ್ನು ನಡೆಸಿಕೊಂಡು ಬಂದಿರುವ ನಾಡಿನಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಆದರೂ ಮರೆತುಹೋಗಬಾರದ ಸಂಗತಿ.

ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. 1929ರ ನಂತರ ಜಗತ್ತಿನಾದ್ಯಂತ ಆರ್ಥಿಕ ಕುಸಿತ ಬಂತು. ಕರಾವಳಿಯಲ್ಲಿ ಭತ್ತ, ತೆಂಗು, ಅಡಿಕೆ ಎಲ್ಲದರ ಧಾರಣೆ ಬಿದ್ದಿತು. ಗೇಣಿ ಬರಲಿಲ್ಲ, ಕೊಟ್ಟ ಸಾಲ ಬರಲಿಲ್ಲ. ಸಾಹೇಬರ ವ್ಯಾಪಾರವೂ ಸೋತಿತು. ಇಲ್ಲವೆಂದು ಹೇಳಿ ಗೊತ್ತಿಲ್ಲದ ಕೈಗೆ ಇಲ್ಲದ ಕಾಲ ಬಂದಾಗ ಅದರ ಭಾರ ಹೆಚ್ಚು. 1935ರಲ್ಲಿ, ಇನ್ನೂ ಐವತ್ತಮೂರರ ಪ್ರಾಯದಲ್ಲಿ, ಅವರು ತೀರಿಕೊಂಡರು. ಊರಿನ ಸಾವಿರಾರು ಜನರಿಗೆ ಲೆಕ್ಕದ ಪುಸ್ತಕ ತೆರೆದುಕೊಟ್ಟವರ ಸ್ವಂತ ಪುಸ್ತಕದಲ್ಲಿ ಉಳಿದ ಶಿಲ್ಕು ಕಡಮೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದನ್ನು ವ್ರತವೆಂದು ತಿಳಿದ ಸಮಾಜಕ್ಕೆ ಈ ಜೀವನದ ಕೊನೆ ಸೋಲಾಗಿ ಕಾಣಬೇಕಿಲ್ಲ.

ಸಂಸ್ಥೆ ಮಾತ್ರ ಮುಂದುವರಿಯಿತು. 1939ರಲ್ಲಿ ಹೆಸರಿನಿಂದ ಉಡುಪಿ ಎಂಬುದು ಬಿಟ್ಟುಹೋಯಿತು. 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂದಾಯಿತು. 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಅದೇ 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ ಸೇರಿತು. ಐದು ಹೆಸರುಗಳಲ್ಲಿ ಮೂರು ಬೋರ್ಡಿನಿಂದ ಇಳಿದವು. ಪುತ್ತೂರು, ಸುಳ್ಯದ ಪೇಟೆಗಳಲ್ಲಿ ಆ ಬೋರ್ಡುಗಳನ್ನು ನೋಡಿ ಬೆಳೆದವರಿಗೆ ಇದರ ನೋವು ಗೊತ್ತು.

ಆದರೆ ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಆಗಿಹೋಗಿತ್ತು. ಬ್ಯಾಂಕ್ ತನ್ನ ಸ್ಥಾಪಕರ ಹಳೆಯ ಮನೆಯನ್ನು ಪಾರಂಪರಿಕ ಕಟ್ಟಡವಾಗಿ ಉಳಿಸಿಕೊಂಡು, 2011ರಲ್ಲಿ ಅಲ್ಲಿ ನಾಣ್ಯಗಳ ವಸ್ತುಸಂಗ್ರಹಾಲಯ ತೆರೆಯಿತು. ಕ್ರಿಸ್ತಪೂರ್ವ ಸುಮಾರು 400ರ ಕಾಲದಿಂದ ಇಂದಿನವರೆಗಿನ ನಾಣ್ಯಗಳನ್ನು ಅಲ್ಲಿ ಕ್ರಮವಾಗಿ ಜೋಡಿಸಿದ್ದಾರೆ. ಶಾಲಾ ಮಕ್ಕಳು ಬರುತ್ತಾರೆ, ಕೃಷ್ಣ ಮಠಕ್ಕೆ ಬಂದ ಯಾತ್ರಿಕರು ಬರುತ್ತಾರೆ. ದುಡ್ಡಿನ ಇತಿಹಾಸವನ್ನು ಹೇಳಲು ದುಡ್ಡಿಗೆ ಮರ್ಯಾದೆ ತಂದವರ ಮನೆಗಿಂತ ಯೋಗ್ಯ ಜಾಗ ಬೇರೆ ಇರಲಿಲ್ಲ.

ಇದರಲ್ಲಿ ಕಲಿಯಬೇಕಾದ ಪಾಠ ಸರಳ. ಆ ಮನೆ ತನ್ನಷ್ಟಕ್ಕೆ ಉಳಿದದ್ದಲ್ಲ. ಅದಕ್ಕೆ ಒಂದು ಉಪಯೋಗ ಕಂಡುಹಿಡಿದರು, ಅದರ ಖರ್ಚು ಹೊರುವವರು ಸಿಕ್ಕಿದರು, ಅಲ್ಲಿ ಏನು ನಡೆದಿತ್ತೆಂಬ ನೆನಪು ಬರವಣಿಗೆಯಲ್ಲಿ ಇತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ಮನೆ ಬೀಳುತ್ತದೆ.

ಜೈನ ವ್ಯಾಪಾರಿಗಳ ಇತಿಹಾಸವನ್ನೇ ನೋಡಬಹುದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರ ಕಾಲದ್ದು. ಅದನ್ನು ಕಟ್ಟಲು ಅರಸರೊಂದಿಗೆ ಊರಿನ ಸೆಟ್ಟಿಗಳೂ ಧಾರಾಳವಾಗಿ ಕೊಟ್ಟರು. ಕಲ್ಲಿನ ಬಸದಿ ಆರುನೂರು ವರ್ಷದ ಹತ್ತಿರ ಬಂದಿದೆ. ಕೊಟ್ಟವರು ವಾಸವಿದ್ದ ಮಣ್ಣು, ಮರದ ಮನೆಗಳು ಎಲ್ಲಿದ್ದವೆಂದು ತೋರಿಸುವವರಿಲ್ಲ. ಅಲ್ಲಿನ ಚೌಟರ ಅರಮನೆಯಲ್ಲಿ ನವನಾರೀ ಕುಂಜರ, ಪಂಚನಾರೀ ತುರಗ ಕೆತ್ತಿದ ಮರದ ಕಂಬಗಳು ಉಳಿದಿರುವುದು ಆ ಮನೆತನದವರು ಬಿಡದೆ ಕಾಪಾಡಿದ್ದರಿಂದ. ದೇವರಿಗೆ ಕೊಟ್ಟದ್ದನ್ನು ಸಮಾಜ ಜೋಪಾನ ಮಾಡಿತು. ಕೊಟ್ಟ ಕೈ ದುಡಿದ ಜಾಗವನ್ನು ಮರೆಯಿತು.

ಪುತ್ತೂರು, ಸುಳ್ಯ, ಕಡಬದ ಕಡೆ ಈ ಮರೆವು ಇನ್ನೂ ಪೂರ್ತಿಯಾಗಿಲ್ಲ. ನೇತ್ರಾವತಿ, ಕುಮಾರಧಾರಾ ಕೂಡುವ ಉಪ್ಪಿನಂಗಡಿ, ಘಟ್ಟದ ದಾರಿಯ ಸುಳ್ಯ, ಬೆಳ್ಳಾರೆ, ಪಂಜ, ಕಡಬದಂಥ ಪೇಟೆಗಳಲ್ಲಿ ಎಲ್ಲ ಸಮಾಜದ ವ್ಯಾಪಾರಿಗಳ ಹಳೆಯ ಮನೆಗಳು ಅಲ್ಲೊಂದು ಇಲ್ಲೊಂದು ಇವೆ. ಮುರಕಲ್ಲಿನ ಗೋಡೆ, ಹಲಸಿನ ಬಾಗಿಲು, ಮಂಗಳೂರು ಹಂಚು, ಅಡಿಕೆ ಒಣಗಿಸಿದ ಅಂಗಳ, ಭತ್ತ ತುಂಬಿದ ಪತ್ತಾಯ. 1923ರ ನೆರೆಯನ್ನು ಕಂಡು ನಿಂತ ಗೋಡೆಗಳೂ ಅವುಗಳಲ್ಲಿ ಇದ್ದಾವು. ಈ ಮನೆಗಳೆಲ್ಲ ವಸ್ತುಸಂಗ್ರಹಾಲಯ ಆಗಲಾರವು. ಪ್ರತಿಯೊಂದರ ಹಿಂದೆ ಬ್ಯಾಂಕ್ ನಿಂತುಕೊಳ್ಳುವುದಿಲ್ಲ. ವಾಸಕ್ಕೆ ಆಗದ ಮನೆಯನ್ನು ಹಾಗೆಯೇ ಇಟ್ಟುಕೊಳ್ಳಿ ಎಂದು ಇನ್ನೊಬ್ಬರಿಗೆ ಹೇಳುವುದೂ ನ್ಯಾಯವಲ್ಲ.

ಆದರೂ ಕುಟುಂಬದವರು ಮಾಡಬಹುದಾದ ಕೆಲಸಗಳು ಕೆಲವಿವೆ. ಮರದ ವ್ಯಾಪಾರಿಯನ್ನು ಕರೆಯುವ ಮೊದಲು ಮನೆಯ ಒಳಗೂ ಹೊರಗೂ ಫೋಟೊ ತೆಗೆಸಬಹುದು. ಎಂಜಿನಿಯರ್ ಓದಿದ ಮಕ್ಕಳಿದ್ದರೆ ಅಳತೆ ಹಿಡಿದು ನಕ್ಷೆ ಬರೆಸಬಹುದು. ಅಟ್ಟದಲ್ಲಿರುವ ಕಿರ್ದಿ, ಖಾತೆ, ಗೇಣಿ ಚೀಟಿ, ಅಡವು ಪತ್ರ, ತಾಳೆಗರಿಗಳನ್ನು ಗುಜರಿಗೆ ಹಾಕದೆ, ಓದಬಲ್ಲವರಿಗೆ ತೋರಿಸಿ ಒಂದು ಪ್ರತಿ ಮಾಡಿಸಬಹುದು. ಇಂಥ ಕಾಗದದಿಂದ ಅಂದಿನ ಅಡಿಕೆ ಧಾರಣೆ, ಕೂಲಿ, ಬಡ್ಡಿ, ಬಸದಿಗೆ ಕೊಟ್ಟ ಎಣ್ಣೆ ಎಲ್ಲವೂ ತಿಳಿಯುತ್ತದೆ. ಎಂಬತ್ತು ದಾಟಿದ ಅಜ್ಜಿಯನ್ನು ಕೂರಿಸಿ ಯಾವ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ಕೇಳಿ ಮೊಬೈಲಿನಲ್ಲಿ ಹಿಡಿದಿಡಬಹುದು. ಮನೆ ಗಟ್ಟಿಯಿದ್ದರೆ ಮುಂದಿನ ಚಾವಡಿಯನ್ನಾದರೂ ಉಳಿಸಿ ಹಿಂದೆ ಹೊಸದು ಕಟ್ಟಬಹುದು. ಬಿಚ್ಚಲೇಬೇಕಾಗಿ ಬಂದರೂ ತುಂಡುಗಳಿಗೆ ಗುರುತು ಹಾಕಿ ಬಿಚ್ಚಿದರೆ ಇನ್ನೊಂದು ಕಡೆ ಮತ್ತೆ ನಿಲ್ಲಿಸಲು ಆಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಬ್ಯಾಂಕ್ ಉದ್ಯೋಗದಲ್ಲಿದ್ದವರು, ಬೀಳಲಿದ್ದ ಮನೆಗಳನ್ನು ಹಾಗೆಯೇ ತಂದು ನಿಲ್ಲಿಸಿ ಪರಂಪರೆಯ ಗ್ರಾಮವನ್ನೇ ಕಟ್ಟಿ ತೋರಿಸಿದರು.

ಉಡುಪಿಗೆ ಹೋಗುವ ಕುಟುಂಬಗಳು ಒಮ್ಮೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯನ್ನು ನೋಡಿ ಬರುವುದು ಒಳ್ಳೆಯದು. ಅರ್ಧ ಗಂಟೆ ಸಾಕು. ಮಕ್ಕಳಿಗೆ ನಾಣ್ಯ ತೋರಿಸುವ ಹೊತ್ತಿಗೆ 38 ರೂಪಾಯಿ 13 ಆಣೆ 2 ಪೈಯ ಕಥೆಯನ್ನೂ ಹೇಳಬೇಕು. ವ್ಯಾಪಾರಿಯ ಮನೆಯ ನಿಜವಾದ ಬೆಲೆ ಹಲಸು, ತೇಗದ ಘನ ಅಡಿಯ ಲೆಕ್ಕಕ್ಕೆ ಸಿಗುವುದಿಲ್ಲ. ಯಾರು ಆ ಬಾಗಿಲಿಗೆ ಬಂದರು, ಏನನ್ನು ನಂಬಿ ಬಂದರು, ಬರಿಗೈಯಲ್ಲಿ ಹೋದರೇ ಇಲ್ಲವೇ ಎಂಬುದರಲ್ಲಿ ಅದು ಇದೆ. ಅದನ್ನು ಬಲ್ಲವರು ಇರುವಾಗಲೇ ಬರೆದಿಟ್ಟುಕೊಂಡರೆ, ಮುಂದೆ ಮನೆ ಇಳಿಸಬೇಕಾಗಿ ಬಂದರೂ ಅದರ ಲೆಕ್ಕ ಕುಟುಂಬದ ಕೈಯಲ್ಲಿ ಇರುತ್ತದೆ.